ಬುಗುರಿ ಟೀಚರ್ ಮತ್ತು ತಿರುಗಿ ನಿಂತ ಮೂರು

ಬೆಳಗಿನ ಆರು ಗಂಟೆ. ಶಾಲೆಯ ಕಾವಲುಗಾರ ಗೊಣಗುತ್ತಲೇ ಗೇಟು ತೆಗೆಯುತ್ತಾನೆ. ಒಂದನೇ ತರಗತಿಯ ಟೀಚರ್ ಅವನಿಗೊಂದು ಸಮಾಧಾನದ ಮಾತು ಹೇಳಿ, ಅರ್ಧ ನಡೆದು ಅರ್ಧ ಓಡಿ ಕೋಣೆ ಸೇರುತ್ತಾರೆ. ಮೇಜಿನ ಮೇಲೆ ಸ್ಟೂಲು, ಸ್ಟೂಲಿಗೆ ಹಳೆಯ ಲಾಡಿಯಿಂದ ಬಿಗಿದ ಮೊಬೈಲು. ಅದರ ಕ್ಯಾಮೆರಾ ಕೆಳಮುಖ, ಕೆಳಗೊಂದು ಸ್ಲೇಟು. ಲಾಡಿ ಜಾರುತ್ತದೆ, ಮತ್ತೆ ಬಿಗಿಯುತ್ತಾರೆ. ಕೂತವರು ಏಳುವಾಗ ಹಣೆ ಸ್ಟೂಲಿಗೆ ಬಡಿಯುತ್ತದೆ. "ಇದು ದಿನಾ ಇದ್ದದ್ದೇ. ಇವತ್ತು ಅವಳು ಬಂದ್ರೆ ಸಾಕು," ಎನ್ನುತ್ತಾ ಹಣೆ ಉಜ್ಜಿಕೊಳ್ಳುತ್ತಾರೆ.

ಅವಳು ಎಂದರೆ ಪುಟ್ಟಿ. ಈ ವರ್ಷ ಒಂದನೇ ತರಗತಿಗೆ ಸೇರಿದವಳು, ಆದರೆ ಶಾಲೆಯ ಹೊಸ್ತಿಲು ತುಳಿದವಳಲ್ಲ. ಅಜ್ಜಿಗೆ ಉಬ್ಬಸ, ಸೋಂಕು ಮನೆಗೆ ಬಂದರೆ ಕಷ್ಟ ಎಂದು ಮನೆಯವರು ಅವಳನ್ನು ಹೊರಗೆ ಬಿಡುತ್ತಿಲ್ಲ. ಮನೆಗಿರುವುದು ಒಂದೇ ಮೊಬೈಲು. ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವ ಅಪ್ಪ ಏಳು ಗಂಟೆಗೆ ಅದನ್ನು ಜೇಬಿಗಿಳಿಸಿಕೊಂಡು ಹೊರಟುಬಿಡುತ್ತಾರೆ. ಇತ್ತ ಟೀಚರ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಇರುವ ಒಂದೇ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ಹಾಗಾಗಿ ಪುಟ್ಟಿಯ ಪಾಠಕ್ಕೆ ಹೊತ್ತು ಇದು, ಜಾಗ ಇದು.

ಮಿಕ್ಕ ಪಾಠ ಶುರುವಾಗುವುದು ಒಂಬತ್ತಕ್ಕೆ. ಅರ್ಧ ಮಕ್ಕಳು ಬೆಂಚಿನ ಮೇಲೆ, ಅರ್ಧ ಮಕ್ಕಳು ಮೊಬೈಲಿನೊಳಗೆ, ವಾರ ಬಿಟ್ಟು ವಾರ ಅದಲುಬದಲು. ಬೋರ್ಡಿನಲ್ಲಿ ಬರೆದು ಬೆಂಚಿನ ಕಡೆ ತಿರುಗುವಷ್ಟರಲ್ಲಿ ಮೊಬೈಲಿನೊಳಗಿಂದ "ಟೀಚರ್, ಕಾಣ್ತಿಲ್ಲ" ಎಂಬ ಕೂಗು. ಅತ್ತ ತಿರುಗಿದರೆ ಇತ್ತ ಒಬ್ಬ ಪಕ್ಕದವನ ಮಾಸ್ಕು ಎಳೆದು ಬಿಟ್ಟಿರುತ್ತಾನೆ. ಹೀಗೆ ಗಿರಗಿರ ತಿರುಗುವವರಿಗೆ ಸಹೋದ್ಯೋಗಿಗಳು ಇಟ್ಟಿರುವ ಹೆಸರು ಬುಗುರಿ ಟೀಚರ್. ಅವರಿಗೇನೂ ಬೇಜಾರಿಲ್ಲ. "ಬುಗುರಿ ನಿಂತ್ರೆ ಬಿದ್ದೋಗತ್ತೆ ತಾನೇ?" ಎನ್ನುತ್ತಾರೆ, ಕೂರದೆ.

ಆದರೆ ಈ ಚಡಪಡಿಕೆಗೆ ಬೇರೆಯೇ ಕಾರಣವಿದೆ. ಅದನ್ನು ಹೇಳುವಾಗ ಅವರ ಕಣ್ಣು ಬಾಗಿಲ ಕಡೆಗಿರುತ್ತದೆ, ಯಾರಾದರೂ ಬಂದು ಮಾತು ತಪ್ಪಿಸಿದರೆ ಸಾಕೆಂಬಂತೆ.

ಶಾಲೆ ಪೂರ್ತಿ ಮುಚ್ಚಿದ್ದ ದಿನಗಳವು. ಮನೆಯ ಗೋಡೆಗೆ ಬೋರ್ಡು ನೇತುಹಾಕಿ, ಎದುರಿಗೆ ಮೊಬೈಲಿಟ್ಟು ಮೊದಲ ಪಾಠ ಮಾಡುತ್ತಾ ಬಗ್ಗಿ ನೋಡಿದರು. ಸ್ಕ್ರೀನಿನಲ್ಲಿ ಅವರು ಬರೆದದ್ದೆಲ್ಲ ಹಿಂದುಮುಂದು! ಮೂರರ ಬಾಯಿ ಅತ್ತಲಿಂದ ಇತ್ತ ತಿರುಗಿತ್ತು. ಮೊಬೈಲು ಕನ್ನಡಿಯಂತೆ ತಿರುಗಿಸಿ ತೋರಿಸುವುದು ಮುಂದೆ ನಿಂತವರಿಗೆ ಮಾತ್ರ, ಆಚೆ ಇರುವವರಿಗೆ ಎಲ್ಲ ನೆಟ್ಟಗೇ ಕಾಣುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಲು ಸಂಕೋಚ. ಬೀರುವಿನ ಕನ್ನಡಿಯ ಮುಂದೆ ನಿಂತು, ಅಂಕಿ ಅಕ್ಷರಗಳನ್ನೆಲ್ಲ ತಿರುಗಿಸಿ ಬರೆಯುವುದನ್ನು ಹಟ ಹಿಡಿದು ಕಲಿತೇಬಿಟ್ಟರು. ಇಪ್ಪತ್ತು ವರ್ಷ ಬರೆದ ಕೈಯನ್ನು ಪಳಗಿಸುವುದು ಹುಡುಗಾಟವೇ? ಬೆರಳು ಸೆಟೆದುಕೊಂಡವು. ಕೊನೆಗೆ ಸ್ಕ್ರೀನಿನಲ್ಲಿ ಅಕ್ಷರ ನೆಟ್ಟಗೆ ನಿಂತಾಗ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಅತ್ತ ಮನೆಮನೆಗಳಲ್ಲಿ ಮಕ್ಕಳು ಆ ತಿರುಗುಮುರುಗನ್ನು ಶ್ರದ್ಧೆಯಿಂದ ತಿದ್ದುತ್ತಿದ್ದರು. ತಿರುಗಿಸಿದರೂ ಹಾಗೇ ಕಾಣುವ 8 ಮತ್ತು 0 ಮಾತ್ರ ಬಚಾವು. ಅಪ್ಪ ಅಮ್ಮಂದಿರು ನೋಡಿಯೂ ತುಟಿ ಬಿಚ್ಚಲಿಲ್ಲ. ಟೀಚರಿಗೆ ತಿಳಿಯದ್ದು ನಮಗೇನು ತಿಳಿದೀತು ಎಂಬ ಮರ್ಯಾದೆ! ಕೊನೆಗೆ ಕೇಳಿದವರು ಪುಟ್ಟಿಯ ಅಜ್ಜಿ, ಅದೂ ತೀರಾ ಹಿಂಜರಿಯುತ್ತಾ.

"ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಸರ್ಕಾರದೋರು ಅಂಕಿ ಬದಲಾಯಿಸಿದ್ದಾರಾ? ನಮ್ಮ ಕಾಲದ ಮೂರು ಹೀಗಿರ್ಲಿಲ್ಲ."

"ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು," ಎನ್ನುತ್ತಾರೆ ಟೀಚರ್. ಮಾರನೆಯ ದಿನವೇ ಮಕ್ಕಳೆದುರು ತಪ್ಪೊಪ್ಪಿಕೊಂಡರು. ಸುದ್ದಿ ಸ್ಟಾಫ್ ರೂಮಿಗೂ ತಲುಪಿ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೂ ನಕ್ಕರು. ಶಾಲೆ ಅರ್ಧ ತೆರೆದ ಮೇಲೆ ಬಂದ ಮಕ್ಕಳ ಹಿಂದೆ ನಿಂತು, ಒಂದೊಂದೇ ಕೈ ಹಿಡಿದು ತಿದ್ದಿಸಿದರು. ಎಳೆಯ ಕೈಗಳು, ಬೇಗ ದಾರಿಗೆ ಬಂದವು.

ಪುಟ್ಟಿಯ ಕೈ ಮಾತ್ರ ಸಿಗಲಿಲ್ಲ. "ಮೊದ್ಲು ನೀವೇ ಹೀಗೆ ಅಂದ್ರಿ, ಈಗ ನೀವೇ ಹಾಗೆ ಅಂತೀರಿ" ಎಂದು ಬಳಪ ಕೆಳಗಿಟ್ಟಳು. ಆಮೇಲೆ ಬರೆಯುವುದನ್ನೇ ನಿಲ್ಲಿಸಿದಳು. ಪಾಠದ ಹೊತ್ತಿಗೆ ಮಂಚದ ಕೆಳಗೆ ಅಡಗತೊಡಗಿದಳು. ಟೀಚರಿಗೆ ಊಟ ರುಚಿಸದಾಯಿತು. ಒಮ್ಮೆ ಅವಳ ಮನೆಯ ಗೇಟಿನವರೆಗೂ ಹೋದರು. ದಿನವಿಡೀ ಮಕ್ಕಳ ನಡುವೆ ಇರುವ ತಾವು ಒಳಗೆ ಹೋದರೆ ಅಜ್ಜಿಯ ಉಸಿರಿಗೇ ಸಂಚಕಾರ. ಹೊಸ ಸ್ಲೇಟನ್ನು ಗೇಟಿಗೆ ನೇತುಹಾಕಿ ಬಂದರು. ಕಿಟಕಿಯಲ್ಲಿ ಪುಟ್ಟಿಯ ಮುಖ ಕಂಡಿತು, ಅವಳು ಕೈ ಬೀಸಲಿಲ್ಲ. "ಕಲೀದೇ ಇರೋ ಮಗೂಗೆ ಕಲಿಸಬಹುದು. ನಾನು ತಪ್ಪು ಕಲಿಸಿದ ಮಗು ಅದು. ನನ್ನಿಂದಾನೇ ಅದಕ್ಕೆ ಓದು ಬರಹ ಬೇಡ ಅನ್ನಿಸಿಬಿಟ್ರೆ?" ಎನ್ನುತ್ತಾರೆ.

ಹಾಗೆ ಹುಟ್ಟಿದ್ದು ಈ ಸ್ಟೂಲು, ಲಾಡಿಯ ವ್ಯವಸ್ಥೆ. ಟೀಚರ ಕೈ ಮೇಲಿನಿಂದ ಕಾಣುತ್ತದೆ, ಪುಟ್ಟಿಗೆ ತನ್ನ ಕೈ ಕಾಣುವ ಹಾಗೆಯೇ. ಅದಕ್ಕೂ ಅವಳು ಬಗ್ಗದಿದ್ದಾಗ ಕಳೆದ ವಾರ ಟೀಚರ್ ಅಜ್ಜಿಯನ್ನು ಕೇಳಿದರು. "ಅಜ್ಜಿ, ನಿಮ್ಮ ಕೈ ನಂಗೆ ಸ್ವಲ್ಪ ಕೊಡಿ. ಅವಳ ಹಿಂದೆ ಕೂತ್ಕೊಳ್ಳಿ, ನಾನು ಹೇಳಿದ ಹಾಗೆ ಅವಳ ಕೈ ನಡೆಸಿ."

ಇವತ್ತೂ ಕರೆ ಹೋಗುತ್ತದೆ. ಮೊದಲು ಅಜ್ಜಿಯ ಕೆಮ್ಮು, ಆಮೇಲೆ ಮಂಚದ ಕೆಳಗಿಂದ ಒಂದು ಜಡೆ, ಅದರ ಹಿಂದೆ ಪುಟ್ಟಿ. ಎಡ ಬಲ ಎಂದರೆ ಮತ್ತೆ ಗೊಂದಲ. ಒಮ್ಮೆಯೂ ಒಳಗೆ ಕಾಲಿಡದ ಆ ಮನೆಯ ಮೂಲೆ ಮೂಲೆ ಟೀಚರಿಗೀಗ ಬಾಯಿಪಾಠ; ಪುಟ್ಟಿಯ ಬಲಗೈ ಕಡೆಗೆ ಕಿಟಕಿ.

"ಅಜ್ಜಿ, ಮೇಲಿಂದ ಕಿಟಕಿ ಕಡೆ ಹೊರಡಿ. ಸುತ್ತಿ ಒಳಗೆ ಬನ್ನಿ. ಮತ್ತೆ ಕಿಟಕಿ ಕಡೆ..."

"ಕೈ ನಡುಗತ್ತೆ ಟೀಚರಮ್ಮ."

"ನಡುಗ್ಲಿ ಬಿಡಿ. ಮೂರರ ಹೊಟ್ಟೆ ಕಿಟಕಿ ಕಡೆಗಿದ್ರೆ ಸಾಕು."

ಅಜ್ಜಿಯ ಮುಷ್ಟಿಯೊಳಗೆ ಪುಟ್ಟ ಮುಷ್ಟಿ. ಸ್ಲೇಟಿನ ಮೇಲೆ ಡೊಂಕುಡೊಂಕಾಗಿ ಒಂದು ಮೂರು ಮೂಡುತ್ತದೆ. ಪುಟ್ಟಿ ಅದನ್ನು ದಿಟ್ಟಿಸಿ ನೋಡಿ ಮುಖ ಸಿಂಡರಿಸುತ್ತಾಳೆ. "ಅಜ್ಜಿ, ನೀನು ಚೆನ್ನಾಗಿ ಬರೀತಿಲ್ಲ. ಬಿಡು, ನಾನೇ ಬರೀತೀನಿ."

ಪುಟ್ಟಿ ಒಂಟಿಯಾಗಿ ಬರೆಯುತ್ತಾಳೆ. ಕಿಟಕಿ ಕಡೆ ಸುತ್ತಿ, ಒಳಬಂದು, ಮತ್ತೆ ಕಿಟಕಿ ಕಡೆ. ಮೂರು ನೆಟ್ಟಗೆ ನಿಂತಿದೆ. ಅಷ್ಟರಲ್ಲಿ ಅಪ್ಪನ ಕೈ ಬಂದು ಮೊಬೈಲು ಎತ್ತಿಕೊಳ್ಳುತ್ತದೆ, ಕರೆ ಕಡಿದುಹೋಗುತ್ತದೆ.

ಟೀಚರ್ ಸ್ವಲ್ಪ ಹೊತ್ತು ಕೂತಲ್ಲೇ ಕೂತಿರುತ್ತಾರೆ. ಆಮೇಲೆ ಮತ್ತೆ ಕಳವಳ: ನಾಳೆಗೆ ಮರೆತರೆ? ನಾಲ್ಕು, ಐದು ಯಾವಾಗ? ಅಕ್ಷರಗಳು? ಪುಟ್ಟಿ ಶಾಲೆಗೆ ಬರುವ ದಿನ ಏನು ಮಾಡುತ್ತೀರಿ ಎಂದರೆ ಲಾಡಿಯ ಗಂಟು ಬಿಚ್ಚುತ್ತಲೇ ಹೇಳುತ್ತಾರೆ.

"ಒಂದ್ಸಲ ಅವಳ ಕೈ ಹಿಡ್ಕೊಳ್ತೀನಿ. ತಿದ್ದೋಕಲ್ಲ, ಸುಮ್ನೆ."