ಬೀಗರ ಮನೆಯ ಕಾರು

ನಾನು ನಿಂತದ್ದು ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಹೋಗುವ ರಸ್ತೆಯ ಎಡಬದಿಗೆ, ಅಕ್ಕಿ ಗಿರಣಿಯ ಕಾಟಾದ ಪಕ್ಕದಲ್ಲಿ. ಕಾಟಾ ಅಂದರೆ ಭತ್ತದ ಗಾಡಿಗಳನ್ನು ಹತ್ತಿಸಿ ತೂಗುವ ಕಬ್ಬಿಣದ ಹಾಸು. ಬೆನ್ನು ಗಿರಣಿಯ ಗೋಡೆಗೆ, ಮುಖ ರಸ್ತೆಗೆ. ಹೋದ ಸುಗ್ಗಿಯಲ್ಲಿ, ಸಂತೆಯ ಮರುದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಬಿಸಿಲಿತ್ತು. ರಸ್ತೆ ಒಣಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಹೊತ್ತಿಗೆ ಮಂಜಿತ್ತು ಎಂದು ಹೇಳಿದವರಿದ್ದಾರೆ. ಮಂಜಿರಲಿಲ್ಲ.

ಕಾರು ನನ್ನ ತಮ್ಮನದು. ಬಿಳಿ ಬಣ್ಣದ ಸಣ್ಣ ಕಾರು. ಅದಕ್ಕೂ ಮೊದಲು ಅದು ಸವಣೂರಿನ ಬೀಗರದು, ಅಂದರೆ ತಮ್ಮನ ಮಗಳನ್ನು ಕೊಟ್ಟ ಮನೆಯವರದು. ಅವರಿಗೆ ಎಲೆತೋಟವಿದೆ. ದೊಡ್ಡ ಗಾಡಿ ಕೊಂಡ ಮೇಲೆ ಸಣ್ಣದನ್ನು ಹೊರಗಿನವರಿಗೆ ಮಾರುವುದು ಬೇಡವೆಂದು ತಮ್ಮನನ್ನು ಕೇಳಿದರು. ಮಗಳು ಬಸುರಿ, ಹೆರಿಗೆಗೆ ತವರಿಗೆ ಬಂದರೆ ಹಾನಗಲ್ಲಿನ ಆಸ್ಪತ್ರೆಗೆ ಓಡಾಡಲು ಬೇಕಾಗುತ್ತದೆ ಎಂದು ತಮ್ಮ ಒಪ್ಪಿಕೊಂಡ.

ನಾನು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗಾಡಿ ತರಲು ನನ್ನನ್ನೂ ಕರೆದುಕೊಂಡು ಹೋದ. ಬೀಗರು ಖಾರದ ತಿಂಡಿ, ಚಹಾ ಇಟ್ಟು ನಗುತ್ತಲೇ ಶುರುಮಾಡಿದರು.

"ಡಿಪೋ ಸಾಹೇಬ್ರು ಬಂದಾರಪಾ. ಇವತ್ತ ನಮ್ಮ ಗಾಡಿಗೆ ಪರೀಕ್ಷಾ. ನೋಡ್ರಿ ಮತ್ತ, ನಪಾಸ್ ಮಾಡಿದ್ರ ಎರಡನೇ ಚಾ ಸಿಗೂದಿಲ್ಲ."

"ನಿಮ್ಮ ಗಾಡಿ ನಪಾಸ್ ಮಾಡಾಕ ನಾ ಯಾರ್ರಿ," ಅಂದೆ. ಎಲ್ಲರೂ ನಕ್ಕರು. ಬೀಗಿತ್ತಿ, ಅಂದರೆ ಅಳಿಯನ ತಾಯಿ, ಒಳಗಿನಿಂದಲೇ ಕೂಗಿದರು: "ಅವರಿಗೆ ಮೂರನೇದೂ ಕೊಡ್ತೇನಿ. ನಿಮಗ ಒಂದೂ ಇಲ್ಲ."

ಅಂಗಳಕ್ಕೆ ಬಂದು ಬಾನೆಟ್ ಮೇಲೆ ಕೈಯಿಟ್ಟೆ. ಬಿಸಿಯಾಗಿತ್ತು. ಹಳೆಯ ಗಾಡಿಯನ್ನು ತಣ್ಣಗಿರುವಾಗಲೇ ಚಾಲೂ ಮಾಡಿ ಕೇಳಬೇಕು. ಎಂಜಿನ್ನಿನ ಒಳಗಿನ ಚೈನು ಸಡಿಲಾಗಿದ್ದರೆ ಮೊದಲ ಕ್ಷಣದಲ್ಲಿ ಮಾತ್ರ ಅದು ಹೇಳುತ್ತದೆ. ಅದು ಆಗಲೇ ತಪ್ಪಿತ್ತು. ಇನ್ನು ಚಾಪೆ ಎತ್ತಿ ತಳದ ತಗಡು ತುಕ್ಕು ಹಿಡಿದಿದೆಯೇ ನೋಡಬೇಕು. ರೇಡಿಯೇಟರಿನ ನೀರಿನಲ್ಲಿ ಎಣ್ಣೆ ತೇಲುತ್ತಿದೆಯೇ ನೋಡಬೇಕು. ಎಂಜಿನ್ ಬಂದ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ತುಳಿದು, ಕಾಲು ಅಲ್ಲೇ ಒತ್ತಿ ಹಿಡಿದು ಚಾಲೂ ಮಾಡಿದರೆ ಪೆಡಲು ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬ್ರೇಕಿಗೆ ಎಂಜಿನ್ನಿನಿಂದ ಬರುವ ಬಲ ಬರುತ್ತಿಲ್ಲ ಎಂದು ಅರ್ಥ. ಕೊನೆಗೆ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಬೇಕು. ಒಂದು ಸಾಲಿನ ಗಾಡಿಗಳಲ್ಲಿ ಯಾವುದಾದರೂ ಭಾಗ ದೋಷದೊಂದಿಗೆ ಹೊರಬಿದ್ದಿದ್ದರೆ ಕಂಪನಿಯೇ ವಾಪಸ್ ಕರೆದು ಪುಕ್ಕಟೆ ಬದಲಿಸಿಕೊಡುತ್ತದೆ. ಗಾಡಿ ಕೈ ಬದಲಿಸಿದರೂ ಆ ಕೆಲಸ ಬಾಕಿ ಇದ್ದರೆ ಅಲ್ಲಿ ಕಾಣುತ್ತದೆ.

ನಾನು ಚಾಪೆಗೆ ಬಗ್ಗಿದ್ದೆ. ತಮ್ಮ ಬಂದು ಮೊಣಕೈ ಹಿಡಿದ.

"ಅಣ್ಣಾ, ಬ್ಯಾಡ."

"ಎರಡ ನಿಮಿಷ. ನಂಬರ್ ಒಂದ ನೋಡ್ತೇನಿ."

"ಮನಿತನ ನೋಡಿ ಮಗಳನ್ನ ಕೊಟ್ಟೇವಿ. ಈಗ ಅವರ ಗಾಡಿ ಬುಡಕ ಹೊಕ್ಕು ನೋಡಿದ್ರ ಏನ್ ಅಂದಾರು? ಕಟ್ಟಿ ಮ್ಯಾಲೆ ನಿಂತ ನೋಡಾಕತ್ತಾರ. ಏಳು."

ನಮ್ಮ ಕಡೆ ಇದು ಹೀಗೆಯೇ. ಹೊರಗಿನವರ ಎತ್ತಾದರೆ ಬಾಯಿ ತೆರೆದು ಹಲ್ಲು ನೋಡುತ್ತೇವೆ. ಬೀಗರ ಮನೆಯಿಂದ ಬಂದದ್ದು ಏನೇ ಇರಲಿ, ನೋಡದೆ ಹಣೆಗೆ ಒತ್ತಿಕೊಳ್ಳಬೇಕು. ಪರೀಕ್ಷೆ ಮಾಡಿದರೆ ಗಾಡಿಯನ್ನಲ್ಲ, ಮನೆಯವರನ್ನು ಸಂಶಯಪಟ್ಟಂತೆ. ಆಮೇಲೆ ಆ ಮಾತು ಹುಡುಗಿಯ ತಲೆಯ ಮೇಲೆ ಬೀಳುತ್ತದೆ. ನಾನು ಎದ್ದೆ.

ಬರುವಾಗ ಎಡಗಡೆ ಕುಳಿತು ಕಿವಿಯಿಂದ ಸಿಕ್ಕಷ್ಟನ್ನು ಹಿಡಿದೆ. ಶಿಗ್ಗಾವಿಯ ಹತ್ತಿರ ತಗ್ಗುಗಳಲ್ಲಿ ಮುಂದಿನ ಎಡಗಾಲಿಯ ಕಡೆ ಕಟ್ ಕಟ್ ಎನ್ನುತ್ತಿತ್ತು. ಗಾಲಿಯನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರು ಹೋಗಿದೆ. ಕ್ಲಚ್ಚು ಬಹಳ ಮೇಲಕ್ಕೆ ಬಂದ ಮೇಲೆ ಹಿಡಿಯುತ್ತಿತ್ತು, ಪ್ಲೇಟು ಸವೆದಿದೆ. ಇವೆರಡನ್ನೂ ತಮ್ಮ ಹಾನಗಲ್ಲಿನಲ್ಲಿ ಸರಿಮಾಡಿಸಿದ. ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಅದರ ಬಗ್ಗೆ ಯಾರೂ ಮತ್ತೆ ಮಾತಾಡಲಿಲ್ಲ.

ಮಗಳ ಕುಬಸ, ಅಂದರೆ ಸೀಮಂತ, ತಮ್ಮನ ಮನೆಯಲ್ಲಿ ಆಯಿತು. ಸವಣೂರಿನಿಂದ ಬೀಗರು, ಬೀಗಿತ್ತಿ ಬಂದು ಒಂದು ರಾತ್ರಿ ಉಳಿದರು. ಅಳಿಯ ಊಟ ಮುಗಿಸಿ ದೊಡ್ಡ ಗಾಡಿ ತೆಗೆದುಕೊಂಡು ಅಂದೇ ಹೋಗಿದ್ದ. ಮರುದಿನ ಬೀಗಿತ್ತಿಗೆ ಉಡಿ ತುಂಬಿ ಬೀಳ್ಕೊಟ್ಟರು. ತಮ್ಮ ತನ್ನ ಕಾರಿನಲ್ಲಿ ಅವರನ್ನು ಬಿಟ್ಟುಬರುವುದು, ಬೀಗರು ತಾವು ತಂದಿದ್ದ ಬೈಕಿನಲ್ಲಿ ಹಿಂದೆಯೇ ಬರುವುದು ಎಂದಾಯಿತು. ಹಿಂದಿನ ಸೀಟಿನ ತುಂಬ ರೊಟ್ಟಿ, ಕರಚಿಕಾಯಿಯ ಬುಟ್ಟಿಗಳಿದ್ದವು. ಬೀಗಿತ್ತಿಯನ್ನು ಮುಂದೆ ಕೂರಿಸಿದರು. ಅವರ ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಐದು ಅಡಿಕೆ. ತಮ್ಮ ಬೆಲ್ಟು ಹಾಕಿಕೊಳ್ಳಿ ಎಂದನಂತೆ. "ಉಡಿ ಚೆಲ್ಲತೈತ್ರಿ ಬೀಗರ, ಊರ ದಾಟಿದ ಮ್ಯಾಲೆ ಹಾಕ್ಕೋತೇನಿ," ಎಂದರಂತೆ. ಇದನ್ನು ನಾನು ಕೇಳಿಲ್ಲ, ನಾನಾಗ ಗಿರಣಿಯ ಹತ್ತಿರವಿದ್ದೆ. ತಮ್ಮ ಹೇಳಿದ್ದು.

ನಾನು ಕಂಡದ್ದು ಇಷ್ಟು. ಗಿರಣಿಯ ಮುಂದೆ ರಸ್ತೆ ಇಳಿಜಾರು. ಭತ್ತ ತುಂಬಿದ ಲಾರಿಯೊಂದು ಕಾಟಾಕ್ಕೆ ಸರದಿ ಕಾಯುತ್ತ ನಿಂತಿತ್ತು. ಅದರ ಹಿಂಭಾಗ ಡಾಂಬರಿನ ಮೇಲೇ ಇತ್ತು. ಮೇಲಿನಿಂದ ಹಾರ್ನ್ ಕೇಳಿಸಿತು. ಬಿಟ್ಟು ಬಿಟ್ಟು ಹೊಡೆದದ್ದಲ್ಲ, ಒತ್ತಿ ಹಿಡಿದದ್ದು. ತಿರುಗಿ ನೋಡಿದೆ. ತಮ್ಮನ ಕಾರು. ಅವನು ಸ್ಟೇರಿಂಗನ್ನು ಎದೆಗೆ ಒತ್ತಿ ಹಿಡಿದು ಸೀಟಿನಿಂದ ಎದ್ದೇ ನಿಂತವನಂತೆ ಕಂಡ. ಎದುರಿಗೆ ಬಸ್ಸು ಬರುತ್ತಿತ್ತು, ಬಲಕ್ಕೆ ಎಳೆಯುವಂತಿರಲಿಲ್ಲ. ಕಾರು ನನ್ನನ್ನು ದಾಟಿತು. ದಾಟಿದ ಮೇಲೆ ಅದರ ಹಿಂದಿನ, ಬ್ರೇಕ್ ತುಳಿದರೆ ಹತ್ತುವ ಎರಡೂ ಕೆಂಪು ದೀಪ ಹತ್ತಿಕೊಂಡಿರುವುದು ಕಂಡಿತು. ಹತ್ತಿಯೇ ಇದ್ದವು. ಹಾಗೆ ಹತ್ತಿಕೊಂಡೇ ಹೋಗಿ ಲಾರಿಯ ಹಿಂದಿನ ಮೂಲೆಗೆ ತನ್ನ ಎಡಬದಿಯಿಂದ ಹೊಕ್ಕಿತು.

ಅಕ್ಕಿ ಸೀಟಿನ ತುಂಬ ಚೆಲ್ಲಿತ್ತು. ಬೀಗಿತ್ತಿಯನ್ನು ಹೊರಗೆ ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು. ತಮ್ಮನ ಎಡಗಾಲು ಮುರಿದಿತ್ತು. ಅವನು ಒಂದೇ ಮಾತನ್ನು ಹೇಳುತ್ತಿದ್ದ: "ಕಲ್ಲ ಆತು ಅಣ್ಣಾ, ಬ್ರೇಕ್ ಕಲ್ಲ ಆತು."

ಅಷ್ಟರಲ್ಲಿ ಬೀಗರು ಬೈಕು ಬಿಟ್ಟು ಓಡಿ ಬಂದರು. ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲೇ ಕುಳಿತರು.

ಮಾತಾಡಿದ್ದು ಅಳಿಯ. ಸವಣೂರಿನಲ್ಲಿ ಮಣ್ಣು ಕೊಟ್ಟ ದಿನ ಎಲ್ಲರ ಮುಂದೆ ಅಂದ: "ಫೋನ್ ನೋಡ್ಕೋತ ಹೊಡ್ಯಾಕತ್ತಿದ್ದ. ಲಾರಿ ಮೂಗಿಗೆ ಬಂದ ಮ್ಯಾಲೆ ಬ್ರೇಕ್ ಹಾಕ್ಯಾನ. ನಮ್ಮವ್ವನ್ನ ಕೊಂದವನ ಮಗಳು ಈ ಹೊಸ್ತಿಲಾ ತುಳಿಯೂದ ಬ್ಯಾಡ." ಮಣ್ಣಿಗೆಂದು ನನ್ನ ಜೊತೆ ಬಂದಿದ್ದ ತುಂಬು ಬಸುರಿ ಹುಡುಗಿ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ನಾನೇ ಅವಳನ್ನು ಕರೆದುಕೊಂಡು ಬಂದೆ.

ಆಮೇಲೆ ಠಾಣೆಯ ಅಂಗಳದಲ್ಲಿ ಕೇಳಿಕೊಂಡು ಕಾರನ್ನು ನೋಡಿದೆ. ಎಂಜಿನ್ನಿನಿಂದ ಬ್ರೇಕಿಗೆ ಬಲ ಒಯ್ಯುವ ರಬ್ಬರಿನ ಪೈಪು ಬುಡದಲ್ಲಿ ಸೀಳಿ ಕಳಚಿಬಿದ್ದಿತ್ತು. ಅದು ಹೋದರೆ ಪೆಡಲು ಕಲ್ಲಾಗುತ್ತದೆ. ಎರಡು ಕಾಲಿನಿಂದ ಮೈಯ ಭಾರವೆಲ್ಲ ಹಾಕಿದರೆ ಗಾಡಿ ಒಂದಿಷ್ಟು ನಿಧಾನವಾಗುತ್ತದೆ, ಇಳಿಜಾರಿನಲ್ಲಿ ಅದೂ ಸಾಲದು. ತನಿಖೆಗೆ ಬಂದವರು, ಈ ಪೈಪು ಗುದ್ದಿದ ಏಟಿಗೂ ಕಳಚಿರಬಹುದು ಎಂದರು. ಅದು ಸುಳ್ಳಲ್ಲ. ಕಳಚಿರಬಹುದು. ನಾನು ಅವರ ಜಾಗದಲ್ಲಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಮನೆಗೆ ಬಂದು ಚಾಸಿಸ್ ನಂಬರನ್ನು ವೆಬ್‌ಸೈಟಿನಲ್ಲಿ ಹಾಕಿದೆ. ಆ ಸಾಲಿನ ಗಾಡಿಗಳನ್ನು ಕಂಪನಿ ವಾಪಸ್ ಕರೆದಿತ್ತು. ಬದಲಿಸಬೇಕಾದ ಭಾಗ ಅದೇ ಪೈಪು. ಕೆಲಸ ಬಾಕಿ ಎಂದಿತ್ತು.

ಆದರೆ ಪೈಪಿನ ದೋಷ ಒಂದು ಮಾತು, ತಮ್ಮ ಹೊತ್ತಿಗೆ ಸರಿಯಾಗಿ ಬ್ರೇಕ್ ತುಳಿದನೇ ಎಂಬುದು ಇನ್ನೊಂದು ಮಾತು. ನಾನು ದೀಪ ಕಂಡದ್ದು ಕಾಟಾದಿಂದ ಲಾರಿಯವರೆಗೆ ಮಾತ್ರ. ಅದು ಬಹಳ ಸಣ್ಣ ದೂರ. ಮುಂದಿನಿಂದ ಬರುವ ಗಾಡಿಯ ಹಿಂದಿನ ದೀಪ ನನಗೆ ಕಾಣುವುದಿಲ್ಲ. ಮೇಲೆ ಸಿಡಿಯ ಹತ್ತಿರವೇ ಅದು ಹತ್ತಿತ್ತು ಎಂದು ನಾನು ಹೇಳಿದರೆ ಅದು ಕಂಡ ಮಾತಲ್ಲ, ತಮ್ಮನ ಮೇಲಿನ ಮಮತೆಯ ಮಾತು. ಸಿಡಿ ಅಂದರೆ ಇಳಿಜಾರಿನ ನೆತ್ತಿಯಲ್ಲಿರುವ ಸಣ್ಣ ಸೇತುವೆ. ಅಲ್ಲಿ ಮಿರ್ಚಿ ಕರಿಯುವ ಮುದುಕಿಯನ್ನು ಕೇಳಿದೆ.

"ನೋಡೇನಲ್ಲೋ ಯಪ್ಪಾ. ನನ್ನ ಅಂಗಡಿ ಮುಂದನ ಕೆಂಪ ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ. ದೀಪ ಹತ್ತೇತಿ, ಗಾಡಿ ಯಾಕ ನಿಂದ್ರವಲ್ದು ಅಂತ ನಾನ ಅಂದೆ."

"ಇದನ್ನ ಸವಣೂರಿಗೆ ಬಂದು ಹೇಳ್ತೀಯೇನಬೇ?"

"ಎಣ್ಣಿ ಬಿಟ್ಟು ಹೆಂಗ ಬರ್ಲೋ? ಮಳಿಗಾಲದಾಗ ಯಾಪಾರ ಇರೂದಿಲ್ಲ, ಆವಾಗ ಕರಿ, ಬರ್ತೇನಿ."

ಮಳೆಗಾಲ ಬರುವಷ್ಟರಲ್ಲಿ ಮುದುಕಿ ತೀರಿಕೊಂಡಳು.

ಹುಡುಗಿಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಸವಣೂರಿನಿಂದ ಯಾರೂ ಬರಲಿಲ್ಲ. ಮಧ್ಯಸ್ಥರು ಓಡಾಡಿದ ಮೇಲೆ ಒಂದು ಮಾತು ಬಂತು: ಅವಳು ಬರಲಿ, ಆದರೆ ಅಪ್ಪನ ಹೆಸರು ಆ ಮನೆಯಲ್ಲಿ ಎತ್ತಬಾರದು. ಅವಳು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ದೊಡ್ಡಪ್ಪಾ, ನಮ್ಮಪ್ಪ ಬ್ರೇಕ್ ತುಳಿದಿದ್ದ ಅಂತ ಆ ಮನಿಯಾಗ ಒಬ್ರ, ಒಬ್ರರ ಹೇಳ್ಲಿ. ಅವತ್ತ ಹೋಗ್ತೇನಿ. ಇಲ್ಲಾಂದ್ರ ಕೊಂದವನ ಮಗಳಾಗಿ ಅಲ್ಲಿ ರೊಟ್ಟಿ ಬಡೀಲೇನು?"

ಒಳಗೆ ಹಾಸಿಗೆಯಲ್ಲಿದ್ದ ತಮ್ಮನಿಗೆ ಇದು ಕೇಳಿಸಿತು. ಅವನು ಗೋಡೆಯ ಕಡೆ ಹೊರಳಿದ. ಕಾಲು ಕೂಡಿದೆ, ಆದರೆ ಅವನು ಹೊರಗೆ ಬರುವುದನ್ನು ಬಿಟ್ಟಿದ್ದಾನೆ.

ನಾನು ಸವಣೂರಿಗೆ ಹೋದೆ. ಬೀಗರು ಎಲೆತೋಟದಲ್ಲಿದ್ದರು. "ಬರ್ರಿ, ಕುಂದರ್ರಿ," ಅಂದರು. ಬಳ್ಳಿಯ ನೆರಳಿನಲ್ಲಿ ಇಬ್ಬರೂ ಕುಳಿತೆವು. ಪೈಪಿನ ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ.

"ಕಂಪನಿಯಿಂದ ನನ್ನ ಮಗನ ಫೋನಿಗೆ ಬಂದಿತ್ರಿ. ಎರಡ ಸಲ. ಬಿಲ್ ಮಾಡಾಕ ಕರೀತಾರ, ಸುಮ್ನ ಕುಂದ್ರಪಾ ಅಂದ. ನಾನೂ ಸುಮ್ನ ಕುಂತೆ."

"ನೀವು ಹಿಂದ ಇದ್ರಿ, ಬೀಗರ. ದೀಪ ಎಲ್ಲಿಂದ ಹತ್ತಿತು?"

ಅವರು ಒಂದು ಎಲೆಯನ್ನು ಬೆರಳಿನಿಂದ ಒರೆಸಿದರು.

"ಸಿಡಿ ಕಡೆಯಿಂದರಿ. ನಿಮ್ಮ ತಮ್ಮಂದೇನೂ ತಪ್ಪಿಲ್ಲ."

"ಹಂಗಂತ ಮನಿಯಾಗ ಹೇಳ್ರಿ. ಹುಡುಗಿ ಅಷ್ಟ ಕೇಳಾಕತ್ತಾಳ."

"ಹೇಳಿದ್ರ ಬ್ರೇಕ್ ಯಾಕ ಹಿಡೀಲಿಲ್ಲ ಅಂತ ಮಗ ಕೇಳ್ತಾನ್ರಿ. ನಿಮ್ಮವ್ವನ್ನ ನೀನ ಕೊಂದಿ ಅಂತ ನಾ ಹೆಂಗ ಹೇಳ್ಲಿ? ಅವ ಮೊದ್ಲ ಸರಿಯಾಗಿ ಉಣ್ಣಾಕತ್ತಿಲ್ಲ. ಹೆಂಡ್ತಿ ಹೋದ್ಲು. ಇನ್ನ ಮಗಾನೂ..." ಮೊಮ್ಮಗಳು ಯಾರ ಹಾಗೆ ಇದ್ದಾಳೆ ಎಂದು ಕೇಳಿದರು. ಬೀಗಿತ್ತಿಯ ಹಾಗೆ ಎಂದೆ. ಅದು ನಿಜ. ಅವರು ಎದ್ದು ಬಳ್ಳಿಗಳ ಆಚೆಗೆ ಹೋದರು. ಕಾದೆ. ಬರಲಿಲ್ಲ.

ಇದಾಗಿ ಇನ್ನೊಂದು ಸುಗ್ಗಿ ಬಂದಿದೆ. ಹುಡುಗಿ ಅಕ್ಕಿಆಲೂರಿನಲ್ಲೇ ಇದ್ದಾಳೆ. ಮಗು ನಡೆಯಲು ಕಲಿತಿದೆ.

ಕಂಡವರಲ್ಲಿ ಈಗ ಉಳಿದವರು ಇವರು: ಗಿರಣಿಯಲ್ಲಿ ಕಾಟಾ ತೂಗುವವನು, ಅವನು ಹಾರ್ನ್ ಕೇಳಿ ಹೊರಗೆ ಬಂದ, ಡಿಕ್ಕಿಯಷ್ಟೇ ಕಂಡ. ಲಾರಿಯ ಡ್ರೈವರ್, ಹಿರೇಕೆರೂರಿನ ಕಡೆಯವನು. ಕನ್ನಡಿಯಲ್ಲಿ ಕಾರು ದೊಡ್ಡದಾಗುತ್ತ ಬಂದದ್ದನ್ನು ಕಂಡ, ಹಿಂದಿನ ದೀಪ ಅವನಿಗೆ ಕಾಣುವಂತಿರಲಿಲ್ಲ, ಎದುರಿನ ಬಸ್ಸಿನವರಿಗೂ ಇಲ್ಲ. ನಾನು, ಕಾಟಾದಿಂದ ಲಾರಿಯವರೆಗೆ. ಸಿಡಿಯಿಂದ ಲಾರಿಯವರೆಗೆ ಪೂರ್ತಿ ಕಂಡವರು ಹುಡುಗಿಯ ಮಾವ. ಅವರು ಸವಣೂರಿನಲ್ಲಿ ಇದ್ದಾರೆ.