ಬೀಸುವ ಪದದಲ್ಲಿ ಕೆಂಚನಿಗೆ ಕೊಟ್ಟ ಮನೆ

ರುದ್ರಕ್ಕ, ಕೆಂಚ ಉಂಡಿದ್ದು ನನ್ನ ಮನೆಯಲ್ಲಿ, ನಿನ್ನ ಮನೆಯಲ್ಲಲ್ಲ. ಇದು ಗೊತ್ತಿದ್ದವಳು ನಾನೊಬ್ಬಳೇ — ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಯುದ್ಧದ ಕಾಲ ಅದು. ಬಟ್ಟೆಗೆ ಕಾರ್ಡು, ಸೀಮೆಎಣ್ಣೆಗೆ ಕಾರ್ಡು. ಅಂಥದ್ದರಲ್ಲಿ ಕೆಂಚ ಪೇಟೆಯ ಬ್ಯಾಂಕಿಗೆ ಹಾಡಹಗಲೇ ನುಗ್ಗಿ, ಅಡವಿಟ್ಟ ಒಡವೆಯನ್ನೆಲ್ಲ ಹೊತ್ತೊಯ್ದ. ಚನ್ನಗಿರಿಯಿಂದ ಜಗಳೂರಿನ ತನಕ ಅವನದೇ ಮಾತು. ಬಡವರ ತಾಳಿ ಬಡವರಿಗೇ ಕೊಟ್ಟನಂತೆ... ಪಡೆದವರನ್ನು ನಾನಂತೂ ನೋಡಲಿಲ್ಲ.

ಒಂದು ಮಧ್ಯಾಹ್ನ ನಮ್ಮೂರು ಗೋವಿನಕೋವಿಯವರೆಲ್ಲ ಗದ್ದೆಯಲ್ಲಿದ್ದಾಗ ಅವನು ನನ್ನ ಬಾಗಿಲಿಗೆ ಬಂದ. ಎರಡು ರೊಟ್ಟಿ ತಿಂದ. "ಸಾರಿಗೆ ಉಪ್ಪು ಸಾಲದವ್ವ" ಅಂದ. ಹೋದ. ಅಷ್ಟೇ. ಆದರೆ ನನಗೆ — ಹೆಂಗೆ ಹೇಳಲಿ — ಆ ಮಾತು ಹೊಟ್ಟೆಯೊಳಗೆ ನಿಲ್ಲಲೊಲ್ಲದು. ಹೇಳಿದರೆ ಪೊಲೀಸರು, ಹೇಳದಿದ್ದರೆ ನಿದ್ದೆಯಿಲ್ಲ. ಬೀಸುವಾಗ ಪದ ಕಟ್ಟುವುದು ನನಗೆ ಸಲೀಸು. ಪದಕ್ಕೊಂದು ಮನೆ ಬೇಕಿತ್ತು. ನೀನು ಬಾಣಂತನಕ್ಕೆ ಸೊಕ್ಕೆಯ ತವರಿಗೆ ಹೋಗಿದ್ದೆ, ಇಲ್ಲವೆನ್ನುವ ಹೆಂಗಸು ನಿನ್ನ ಮನೆಯಲ್ಲಿರಲಿಲ್ಲ. ನಿನ್ನ ಗಂಡನ ಹೆಸರು ಸೇರಿಸಿದೆ.

ಬಂದೂಕ ಬದಿಗಿಟ್ಟು ಬಂದಾನೆ ನನ್ನಣ್ಣ
ಹಾಲೇಶನ ಮನೆಯ ಪಡಸಾಲೆ — ಕೆಂಚಣ್ಣ
ಬಟ್ಟಲ ಹಾಲ ಕುಡಿದಾನೆ

ಹತ್ತು ದಿನದಲ್ಲಿ ಎಲ್ಲರ ಬೀಸುಕಲ್ಲಿನ ಮುಂದೂ ಅದೇ ಪದ. ಪೊಲೀಸರ ಕಿವಿಗೂ ಬಿತ್ತು. ಹಾಲೇಶಣ್ಣನನ್ನು ಎಳೆದೊಯ್ಯುವಾಗ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಒಂದು ಮಾತು, ಒಂದೇ ಮಾತು... ಆಡಲಿಲ್ಲ. ತಿಂಗಳ ಮೇಲೆ ಅವನನ್ನು ಗಾಡಿಯಲ್ಲಿ ಮಲಗಿಸಿ ತಂದರು, ಸೊಂಟ ಮುರಿದಿತ್ತು.

ಕೂಸು ಎತ್ತಿಕೊಂಡು ಬಂದವಳು ನೀನು ಕೇಳಿದೆ: "ನಂಗೂ ಹೇಳ್ಲಿಲ್ವಲ್ರೀ. ಕಳ್ಳನ್ನ ನಂಬಿದ್ರಿ, ಕಟ್ಕಂಡೋಳ್ನ ನಂಬ್ಲಿಲ್ಲ."

"ಇಲ್ಲ ಕಣೆ, ನಮ್ಮನಿಗೆ ಯಾರೂ ಬಂದಿಲ್ಲ" ಅಂದ ಅವನು.

ಊರೇ ಹಾಡುತ್ತಿರುವಾಗ ನೀನಾದರೂ ಹೆಂಗೆ ನಂಬುತ್ತಿ? ಮೂರು ವರ್ಷ ಗಂಜಿ ಕುಡಿಸಿದೆ, ಮೈ ಒರೆಸಿದೆ, ಮಾತು ಮಾತ್ರ ಆಡಲಿಲ್ಲ. ಅವನ ಕಡೆಯ ದಿನವೂ ಇಲ್ಲ. ನಾನು ಅಲ್ಲೇ ಕೂತಿದ್ದೆ — ನಿನ್ನ ತಲೆ ಸವರುತ್ತ "ಗಂಡಸರು ಹಂಗೇ, ಬಿಡಕ್ಕ" ಅಂದೆ. ನನ್ನ ನಾಲಿಗೆ ಸೇದಿಹೋಗಬೇಕಿತ್ತು.

ಕ್ಷಮಿಸು ಅಂತ ಕೇಳಲಾರೆ. ಈ ಮಾತಿನಿಂದ ನಿನಗೆ ಸುಖವೂ ಇಲ್ಲ, ಇಷ್ಟು ದಿನ ನನ್ನನ್ನು ಸುಟ್ಟಿದ್ದು ಉಳಿದ ದಿನ ನಿನ್ನನ್ನೂ ಸುಡುತ್ತದೆ, ಬಲ್ಲೆ. ಆದರೂ ಕೇಳು ರುದ್ರಕ್ಕ. ಹಾಲೇಶಣ್ಣ ಸಾಯುವ ತನಕ ನಿನಗೆ ನಿಜವನ್ನೇ ಹೇಳಿದ.