ಮದ್ದಿಲ್ಲದ ನೀಲಿ ಪಟ್ಟಿ

ರಬ್ಬರಿನಂತೆ ಹಿಗ್ಗುವ ನೀಲಿ ಪಟ್ಟಿಯೊಂದನ್ನು ಎಳೆದು ನನ್ನ ತೊಡೆಯಿಂದ ಮೊಣಕಾಲಿನವರೆಗೆ ಅಂಟಿಸಿ, "ಖಲಾಸ್, ಮುಗೀತು. ಇನ್ನು ನಡೀರಿ" ಎಂದಳು ಫಿಸಿಯೋಥೆರಪಿಸ್ಟ್ ಶಬಾನಾ. ನಾನು ಏಳಲಿಲ್ಲ. ಬಿಸಿಯಿಲ್ಲ, ಉರಿಯಿಲ್ಲ, ವಾಸನೆಯಿಲ್ಲ. ನಮ್ಮೂರು ಉಡುಪಿಯಲ್ಲಾದರೆ ನೋವಿಗೆ ಹಚ್ಚಿದ್ದು ಪಕ್ಕದ ಮನೆಗೂ ನಾರಬೇಕು, ಆಗಲೇ ನಮಗೆ ಧೈರ್ಯ. ವೀಡಿಯೋ ಕಾಲಿನಲ್ಲಿ ನೋಡಿದ ಅಮ್ಮ ಕೇಳಿದ್ದೂ ಅದನ್ನೇ: "ಅದ್ರಲ್ಲಿ ಮದ್ದು ಎಲ್ಲಿದೆ ಮಾರಾಯ್ತಿ?"

ಇರಲಿಲ್ಲ. ಬರೀ ಬಟ್ಟೆ ಮತ್ತು ಅಂಟು.

ದುಬೈಯ ಕರಾಮದಲ್ಲಿರುವ ನಮ್ಮ ಹಳೆಯ ಕಟ್ಟಡದ ಮೆಟ್ಟಿಲಲ್ಲಿ ಜಾರಿಬಿದ್ದಾಗ ಮೂಳೆ ಮುರಿಯಲಿಲ್ಲ, ಬಲತೊಡೆಯ ಶಕ್ತಿ ಮಾತ್ರ ಹೋಯಿತು. ಡ್ರೈವಿಂಗ್ ಕ್ಲಾಸಿನಲ್ಲಿ ಬ್ರೇಕ್ ಒತ್ತಿದರೆ ಕಾಲು ನಡುಗುತ್ತಿತ್ತು. ನಾನು ಕಲಿಸುವ ಶಿಶುವಿಹಾರದವರು ಅಬುಧಾಬಿಯ ರೀಮ್ ಐಲ್ಯಾಂಡ್ ಶಾಖೆಯನ್ನೂ ನೋಡಿಕೊಳ್ಳುವ ಹುದ್ದೆ ಕೊಡುತ್ತೇವೆ, ಡ್ರೈವಿಂಗ್ ಲೈಸೆನ್ಸ್ ತನ್ನಿ ಎಂದಿದ್ದರು. ಊರೆಲ್ಲ ಸ್ಕೂಟರಿನಲ್ಲಿ ಸುತ್ತಿದವಳು ಇಲ್ಲಿ ಬೇರೆಯವರ ಕಾರಿನ ಹಿಂದಿನ ಸೀಟಿಗೆ ಬಿದ್ದಿದ್ದೆ. ಆ ಲೈಸೆನ್ಸ್ ನನಗೆ ಬೇಕೇ ಬೇಕಿತ್ತು.

ಶಬಾನಾ ಬಂಟ್ವಾಳದ ಬ್ಯಾರಿ ಹುಡುಗಿ. ಮೊದಲ ದಿನವೇ ಊರಿನ ಕನ್ನಡದಲ್ಲಿ ಮಾತಿಗೆ ತೊಡಗಿದಳು, ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಿತು. ಪರದೇಶದಲ್ಲಿ ನಮ್ಮ ಭಾಷೆಯಾಡುತ್ತ ಹತ್ತಿರ ಬರುವವರು ಏನೋ ಮಾರಲಿಕ್ಕೇ ಬರುತ್ತಾರೆಂದು ಹೊಸತರಲ್ಲೇ ಕಲಿತಿದ್ದೆ. ಆದರೂ ಅವಳು ಹೇಳಿದ ವ್ಯಾಯಾಮ ತಪ್ಪಿಸಲಿಲ್ಲ.

ಡ್ರೈವಿಂಗ್ ಪರೀಕ್ಷೆ ಹತ್ತಿರವಾದಾಗ ಪಟ್ಟು ಹಿಡಿದೆ: ಪಟ್ಟಿ ಹಾಕಿ ಒಮ್ಮೆ, ಕಿತ್ತು ಒಮ್ಮೆ, ತೊಡೆಯ ಬಲ ಅಳೆಯುವ ಯಂತ್ರದಲ್ಲಿ ನೋಡಿಯೇಬಿಡೋಣ. ಎರಡು ಸಲವೂ ಹೆಚ್ಚುಕಮ್ಮಿ ಒಂದೇ ಅಂಕಿ ಬಂತು. ಸಿಕ್ಕಿಬಿದ್ದಳು ಎಂದುಕೊಂಡೆ. ಅವಳು ನಾಚಲೂ ಇಲ್ಲ.

"ಬಲ ಬಂದದ್ದು ವ್ಯಾಯಾಮ ಮಾಡಿದ್ದಕ್ಕೆ ಮಾರಾಯ್ರೆ. ಪಟ್ಟಿ ಇಲ್ಲದಿದ್ರೆ ನೀವು ಹೆದ್ರಿ ಕಾಲೇ ಎತ್ತುತ್ತಿರ್ಲಿಲ್ಲ, ಅಲ್ವಾ?"

ನನಗೆ ಕೋಪ ಬಂತು. ನಂಬಿಕೆಯೇ ಇಲ್ಲದವಳನ್ನು ನನಗೇ ಗೊತ್ತಾಗದಂತೆ ನಂಬಿಸಿದ್ದಳು. ಆದರೂ ಪರೀಕ್ಷೆಯ ಬೆಳಿಗ್ಗೆ ಅವಳ ಕ್ಲಿನಿಕ್ಕಿನ ಬಾಗಿಲಿಗೇ ಹೋಗಿ ನಿಂತೆ.

"ಹಾಕು. ಸರಿಯಾಗಿ ಎಳೆದೇ ಹಾಕು" ಎಂದೆ.

ಕಾಲು ನಡುಗಲಿಲ್ಲ. ಪಾಸಾದೆ.

ರಜೆಯಲ್ಲಿ ಊರಿಗೆ ಹೋದಾಗ ಅಣ್ಣನ ಕಾರಿನಲ್ಲಿ ದುಬೈಯ ರೂಢಿಯಂತೆ ಎಡಗೈಯಿಂದ ಇಂಡಿಕೇಟರ್ ಹಾಕಲು ಹೋಗಿ ಬಿರುಬಿಸಿಲಲ್ಲಿ ವೈಪರ್ ಹಾಕಿದೆ. ನೀನೀಗ ದುಬೈಯವಳು ಎಂದು ಅವನು ನಕ್ಕ, ನನಗೆ ನಗು ಬರಲಿಲ್ಲ. ಹೊರಡುವಾಗ ಅಮ್ಮ ನೋವಿನೆಣ್ಣೆ ಕಟ್ಟಿಕೊಟ್ಟಳು. ಈಗೀಗ ಅದನ್ನೂ ಅನುಮಾನದಿಂದಲೇ ಮೂಸುತ್ತೇನೆ. ಆದರೂ ಅಬುಧಾಬಿಗೆ ಕಾರು ತೆಗೆಯುವ ಬೆಳಿಗ್ಗೆ ಎರಡೂ ಬೇಕೆನಿಸುತ್ತದೆ. ಎಣ್ಣೆ ಹಚ್ಚಿದ ಕಾಲಿಗೆ ಪಟ್ಟಿ ಅಂಟುವುದಿಲ್ಲ. ಹಾಗಾಗಿ ಒಂದನ್ನು ಕಾಲಿಗೆ ಹಾಕಿಕೊಂಡು, ಇನ್ನೊಂದನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಹೊರಡುತ್ತೇನೆ.